ರಿಪೇರಿ ಆಗಬಾರದ ಫ್ರಿಜ್ಜು

ನಮ್ಮ ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಪೇಟೆಯ ಎಷ್ಟೋ ಕಟ್ಟಡಗಳಲ್ಲಿ ಜನ ದಿನವೂ ಅವನ ಕೈಗುಣವನ್ನು ನಂಬಿ ಮೇಲೆ ಹೋಗಿ ಕೆಳಗೆ ಬರುತ್ತಾರೆ. ಅವನ ಹೆಸರು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ "ಆ ಮನುಷ್ಯನಿಗೆ ಫೋನ್ ಮಾಡಿ" ಎನ್ನುತ್ತಾರೆ. ಆ ಮನುಷ್ಯ ಎಂದರೆ ಇವನೇ. ಇವನು ವಾಸವಿರುವುದು ಮೂರನೆಯ ಮಹಡಿಯಲ್ಲಿ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಅವನದು ಕಿವಿಯ ಕಸುಬು. ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಅವನ ಕೈಗೆ ಮೊದಲು ಕೊಟ್ಟದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್. ತಿರುಪು ತಿರುಗಿಸಲಿಕ್ಕಲ್ಲ. ಅದರ ತುದಿಯನ್ನು ಓಡುವ ಮೋಟರಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ, ಒಳಗಿನ ಬೇರಿಂಗ್ ಏನನ್ನುತ್ತಿದೆ ಎಂಬುದು ನಮ್ಮ ತಲೆಯೊಳಗೇ ಕೇಳುತ್ತದಂತೆ. ಆ ಅಭ್ಯಾಸ ಅವನ ಜೊತೆ ಎಲ್ಲ ಕಡೆಗೂ ಬರುತ್ತದೆ. ಯಾರ ಮನೆಗೆ ಹೋದರೂ ಮೊದಲು ತಲೆ ಎತ್ತಿ ಫ್ಯಾನ್ ನೋಡುತ್ತಾನೆ. "ಚೆನ್ನಾಗಿದೀರಾ?" ಎಂದು ಅವರು ಕೇಳಿದರೆ, "ನಿಮ್ಮ ಫ್ಯಾನಿಗೆ ಸ್ವಲ್ಪ ಎಣ್ಣೆ ಬೇಕು" ಎನ್ನುತ್ತಾನೆ. ಪಕ್ಕದಲ್ಲಿ ಕೂತ ಚಿಕ್ಕಮ್ಮ ಮೊಣಕೈಯಿಂದ ತಿವಿಯುತ್ತಾಳೆ.

ಚಿಕ್ಕಮ್ಮನಿಗೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ ಮಾಡುತ್ತಾಳೆ, ಬಿಗಿಯಾದದ್ದನ್ನು ಸಡಿಲ ಮಾಡುತ್ತಾಳೆ, ಕೆಟ್ಟ ಜಿಪ್ಪು ಬದಲಿಸುತ್ತಾಳೆ, ಉದುರಿದ ಗುಂಡಿ ಹಾಕುತ್ತಾಳೆ. "ಜನಕ್ಕೆ ತಮ್ಮ ಅಳತೆ ತಮಗೇ ಗೊತ್ತಿಲ್ಲ ನೋಡು, ಅದಕ್ಕೇ ನಮ್ಮ ಒಲೆ ಉರೀತಿದೆ" ಎನ್ನುತ್ತಾಳೆ.

ನಾನು ಕಾಲೇಜಿಗೆಂದು ಅವರ ಮನೆಯಲ್ಲಿದ್ದೆ. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲಿ, ಕಿಟಕಿಯ ಪಕ್ಕಕ್ಕೆ, ಆ ಫ್ರಿಜ್ಜು. ಬೇರೆಲ್ಲೂ ಜಾಗ ಸಾಲದ್ದಕ್ಕೆ ಅದರ ತಲೆಯ ಮೇಲೆ ಚಿಕ್ಕಮ್ಮ ಡಬ್ಬಗಳನ್ನು ಜೋಡಿಸಿಟ್ಟಿದ್ದಳು. ಒಂದು ಕಾಲು ಸವೆದಿದ್ದರಿಂದ ಅಡಿಗೆ ಮಡಚಿದ ರಟ್ಟು ಕೊಟ್ಟಿತ್ತು. ಮೋಟರ್ ಶುರುವಾದಾಗ ಮೊದಲು ಒಳಗೆಲ್ಲೋ ಗುಡುಗುಡು ಎನ್ನುತ್ತಿತ್ತು. ಆಮೇಲೆ ಚಳಿ ಹಿಡಿದವರ ಹಾಗೆ ಇಡೀ ಫ್ರಿಜ್ಜು ನಡುಗುತ್ತಿತ್ತು. ನಡುಕ ಒಂದು ಲಯಕ್ಕೆ ಬಂದ ಮೇಲೆ ಧಡ್, ಧಡ್, ಧಡ್ ಎಂಬ ಪೆಟ್ಟು, ಅದರ ಮೇಲೆ ತೆಳ್ಳಗೆ ಚಿರ್ ಚಿರ್ ಎಂಬ ಇನ್ನೊಂದು ಸದ್ದು. ನಿಲ್ಲುವಾಗ ಒಮ್ಮೆ ಜೋರಾಗಿ ಮೈ ಕೊಡವಿ ಸುಮ್ಮನಾಗುತ್ತಿತ್ತು. ನಾನು ಪರೀಕ್ಷೆಗೆ ಓದಿದ್ದೆಲ್ಲ ಈ ತಾಳದ ಮೇಲೇ.

"ಊರಿನವರನ್ನೆಲ್ಲ ಎತ್ತಿ ಇಳಿಸ್ತೀರ. ಮನೇಲಿ ಒಂದು ಫ್ರಿಜ್ಜಿನ ಬಾಯಿ ಮುಚ್ಸೋಕಾಗಲ್ಲ" ಎಂದು ಚಿಕ್ಕಮ್ಮ ಬೆಳಗಿನ ಕಾಫಿ ಜೊತೆಗೇ ಶುರು ಮಾಡುತ್ತಿದ್ದಳು.

"ನೋಡೋಣ ಕಣೇ."

"ಒಂದು ವರ್ಷದಿಂದ ನೋಡ್ತಿದೀರ. ಅದೂ ನಿಮ್ಮನ್ನೇ ನೋಡ್ತಿದೆ."

"ಅವಸರ ಮಾಡ್ಬಾರ್ದು. ಮೋಟರ್ ಕೆಲಸ ಸೂಕ್ಷ್ಮ."

"ಹೌದೌದು. ಅದು ಸತ್ತ ಮೇಲೆ ನಿಧಾನಕ್ಕೆ ಮಾಡಿ."

ಚಿಕ್ಕಪ್ಪ ಲೋಟದೊಳಗೆ ನಗುತ್ತಿದ್ದ. ಮನಸ್ಸು ಮಾಡಿದ್ದರೆ ಅದು ಅವನಿಗೆ ಊಟಕ್ಕೆ ಮುಂಚೆ ಮುಗಿಸುವ ಕೆಲಸ. ಅವನು ಮನಸ್ಸು ಮಾಡುತ್ತಿರಲಿಲ್ಲ, ಅಷ್ಟೆ. ಯಾಕೆ ಎನ್ನುವುದನ್ನು ನನಗೊಬ್ಬಳಿಗೆ ಹೇಳಿದ್ದ, ಅದೂ ಮನೆಯೊಳಗಲ್ಲ, ಮೆಟ್ಟಿಲ ತಿರುವಿನಲ್ಲಿ ನಿಂತು.

ಹಿಂದಿನ ವರ್ಷ ಅಂಗಡಿಗಳೂ ಆಫೀಸುಗಳೂ ಇರುವ ಒಂದು ಹಳೆಯ ಕಟ್ಟಡದ ಲಿಫ್ಟ್ ನೋಡಲು ಹೋಗಿದ್ದ. ಲಿಫ್ಟಿನ ತಳದ ಹೊಂಡಕ್ಕಿಳಿದು ಗ್ರೀಸ್ ಹಚ್ಚುವಾಗ ಎಲ್ಲೋ ಧಡ್ ಧಡ್ ಧಡ್ ಎಂದು ಕೇಳಿಸಿತಂತೆ. ಗಡಿಯಾರದ ಹಾಗೆ, ಒಂದಿಷ್ಟೂ ತಪ್ಪದೆ. ಇವನು ಎಲ್ಲ ಬಿಟ್ಟು ಸ್ಕ್ರೂಡ್ರೈವರ್ ತೆಗೆದ. ಕಂಬಿಗೆ ಇಟ್ಟ, ಗೋಡೆಗೆ ಇಟ್ಟ, ಮೇಲಿನ ಕೋಣೆಗೆ ಹತ್ತಿ ಮೋಟರಿಗೆ ಇಟ್ಟ. ಎಲ್ಲಿಟ್ಟರೂ ಕೇಳುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. "ಲಿಫ್ಟ್ ಕೆಟ್ಟಿದೆ" ಎಂಬ ಬೋರ್ಡು ತಗುಲಿಸಿ ಒಂದೊಂದೇ ಭಾಗ ಬಿಚ್ಚಿ ನೋಡಿದ. ಜನ ಅವನನ್ನು ಬೈದುಕೊಂಡು ಮೆಟ್ಟಿಲು ಹತ್ತಿದರು. ಕೊನೆಗೆ ಲಿಫ್ಟಿನ ಮೇನ್ ಸ್ವಿಚ್ಚೇ ಆರಿಸಿದ. ಆಗಲೂ ಧಡ್ ಧಡ್ ನಿಲ್ಲಲಿಲ್ಲ. ಕರೆಂಟ್ ತೆಗೆದ ಮೇಲೂ ಓಡುವ ಮೋಟರನ್ನು ಅವನು ಆವರೆಗೆ ಕಂಡಿರಲಿಲ್ಲ.

ಗೋಡೆಗೆ ಸ್ಕ್ರೂಡ್ರೈವರ್ ಒತ್ತುತ್ತ ಒತ್ತುತ್ತ ನೆಲಮಾಳಿಗೆಯ ಒಂದು ಬಾಗಿಲಿಗೆ ಬಂದು ಮುಟ್ಟಿದ. ತಟ್ಟಿದಾಗ ಬಾಗಿಲು ತೆರೆದವಳು ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆ ತೊಟ್ಟ ಹೆಂಗಸು. ಒಳಗೆ ಗೋಡೆಗೆಲ್ಲ ದಪ್ಪ ಸ್ಪಂಜು, ಮೇಜಿನ ಮೇಲೆ ಗ್ರಾಮಫೋನ್ ತಟ್ಟೆ ತಿರುಗಿಸುವ ಎರಡು ಯಂತ್ರ, ಸೂರಿನವರೆಗೆ ರಟ್ಟಿನ ಪೆಟ್ಟಿಗೆ.

"ನಿಮ್ಮ ಮೋಟರ್ ಎಲ್ಲಿದೆ?" ಎಂದ ಚಿಕ್ಕಪ್ಪ.

"ಯಾವ ಮೋಟರ್?"

"ಈಗ ಓಡ್ತಿದೆಯಲ್ಲ, ಅದು. ನಿಲ್ಸಿ ಮೊದ್ಲು. ಬೇರಿಂಗ್ ಹೋಗಿದೆ."

ಅವಳು ಅವನನ್ನೂ ಅವನ ಕೈಯ ಸ್ಕ್ರೂಡ್ರೈವರನ್ನೂ ನೋಡಿ, ಮೇಜಿನ ಮೇಲಿನ ಒಂದು ಗುಬುಟನ್ನು ತಿರುಗಿಸಿದಳು. ಧಡ್ ಧಡ್ ಸಣ್ಣದಾಯಿತು. ಮತ್ತೆ ತಿರುಗಿಸಿದಳು. ದೊಡ್ಡದಾಯಿತು.

"ಇದು ಸಂಗೀತ. ಟೆಕ್ನೋ ಅಂತಾರೆ."

"ಸಂಗೀತವಾ? ಹಾಡೋರೆಲ್ಲಿ?"

"ಹಾಡೋರಿಲ್ಲ. ಕುಣಿಯೋರು ಮಾತ್ರ."

ಚಿಕ್ಕಪ್ಪ ಒಂದು ಪೆಟ್ಟಿಗೆಯ ಮೇಲೆ ಕೂತ. ಆ ತಟ್ಟೆ ಪೂರ್ತಿ ಮುಗಿಯುವವರೆಗೆ ಕೇಳಿದ, ಆಮೇಲೆ ಅದರ ಮಗ್ಗುಲು ಬದಲಿಸಿ ಇನ್ನೊಂದು ಬದಿಯನ್ನೂ ಕೇಳಿದ. "ನಾನು ಇಷ್ಟು ವರ್ಷ, ಒಂದೇ ಸದ್ದು ಮತ್ತೆ ಮತ್ತೆ ಬಂದ್ರೆ ಏನೋ ಕೆಟ್ಟಿದೆ ಅಂತ ತಿಳ್ಕೊಂಡಿದ್ದೆ. ಇಲ್ಲಿ ಅದನ್ನೇ ಚಂದ ಅಂತಾರೆ" ಎಂದು ನನಗೆ ಹೇಳುವಾಗ ಅವನ ಮುಖ ಹೊಳೆಯುತ್ತಿತ್ತು. ಮೇಲೆ ಮೇನ್ ಸ್ವಿಚ್ ಆರಿಸಿ ಬಂದದ್ದು ಅವನಿಗೆ ನೆನಪಾದದ್ದು ತುಂಬ ಹೊತ್ತಿನ ಮೇಲೆ.

ಆ ನೆಲಮಾಳಿಗೆಯಲ್ಲಿದ್ದದ್ದು ಒಂದು ಲೇಬಲ್, ಸಂಗೀತದ ತಟ್ಟೆ ಹೊರತರುವ ಪುಟ್ಟ ಕಂಪನಿ. ನಾಲ್ಕಾರು ಸ್ನೇಹಿತರು ಸೇರಿ, ತಮಗೆ ಹಿಡಿಸಿದ ಟೆಕ್ನೋವನ್ನು ಆರಿಸಿ, ಕಪ್ಪು ತಟ್ಟೆಗಳಲ್ಲಿ ಒತ್ತಿಸಿ, ಇಂಥವೇ ನೆಲಮಾಳಿಗೆಗಳಿಗೆ ಕಳಿಸುತ್ತಿದ್ದರು. ದೊಡ್ಡ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಹೊದಿಕೆಗೆ ಚಿತ್ರವಿಲ್ಲ, ಬರೀ ಬಿಳಿ ರಟ್ಟು. ಅದರ ಮೇಲೆ ರಬ್ಬರ್ ಮುದ್ರೆಯಲ್ಲಿ ಒಂದು ನಂಬರ್. ಯಾರು ಮಾಡಿದ್ದು ಎಂದು ಎಲ್ಲೂ ಹಾಕುತ್ತಿರಲಿಲ್ಲ. ಅದು ಅವರ ಕಟ್ಟಳೆ. ಹೆಸರು ನೋಡಿ ತಲೆದೂಗುವವರು ಬೇಡ, ಕೇಳಿ ತಲೆದೂಗುವವರು ಸಾಕು ಎಂಬುದು ಆ ಹೆಂಗಸಿನ ಮಾತು. ಅವಳನ್ನು ನಾವು ಕಪ್ಪಂಗಿ ಎನ್ನುತ್ತಿದ್ದೆವು. ಅವಳು ಚಿಕ್ಕಪ್ಪನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟಿದ್ದಳು.

ಲಿಫ್ಟಣ್ಣ ಅವಳಿಗೆ ಸದ್ದು ತಂದುಕೊಡಲು ಶುರು ಮಾಡಿದ. ಬಾಗಿಲು ಕೂಡುವಾಗಿನ ಉಸಿರು, ಹಗ್ಗ ಗಾಲಿಯ ಮೇಲೆ ಹರಿಯುವ ಸದ್ದು, ಸ್ವಿಚ್ಚುಗಳ ಕಟಕಟ, ಎಲ್ಲ ಫೋನಿನಲ್ಲಿ ಹಿಡಿದದ್ದು. ಸದ್ದನ್ನು ಅಳತೆಗೆ ಕತ್ತರಿಸಿ, ಒಂದರ ಪಕ್ಕ ಒಂದು ಕೂರಿಸಿ, ಮತ್ತೆ ಮತ್ತೆ ಬರುವಂತೆ ಮಾಡುವುದನ್ನು ಅವಳು ತನ್ನ ಹಳೆಯ ಕಂಪ್ಯೂಟರಿನಲ್ಲಿ ಕಲಿಸಿದಳು. ಕೆಲಸ ಮುಗಿಸಿ ಸಂಜೆ ಅಲ್ಲಿ ಒಂದಿಷ್ಟು ಹೊತ್ತು ಕೂತು ಬರುವುದು ರೂಢಿಯಾಯಿತು. ಮನೆಯಲ್ಲಿ "ಲಿಫ್ಟ್ ಕೆಲಸ ಇತ್ತು" ಎನ್ನುತ್ತಿದ್ದ. ಪೂರ್ತಿ ಸುಳ್ಳೇನಲ್ಲ.

ಒಂದು ದಿನ ನಮ್ಮ ಫ್ರಿಜ್ಜಿನ ಸದ್ದನ್ನು ಹಿಡಿದುಕೊಂಡು ಹೋದ. ಅದನ್ನು ಕೇಳಿ ಕಪ್ಪಂಗಿ ಕುರ್ಚಿ ಬಿಟ್ಟು ಎದ್ದಳಂತೆ. ಈ ಧಡ್ ಎಲ್ಲಿಯದು, ಅದಕ್ಕಿಂತ ಆ ಚಿರ್ ಚಿರ್ ಎಲ್ಲಿಯದು ಎಂದು ಕೇಳಿದಳು, ಹಾಗೆ ಬೆನ್ನು ಹತ್ತಿ ಬರುವ ಸದ್ದನ್ನು ಯಂತ್ರದಲ್ಲಿ ಮಾಡಲು ತಾನು ಎಷ್ಟು ಒದ್ದಾಡಿದ್ದೇನೆ ಎಂದಳು. "ಮೋಟರಿಂದೇ ಇರ್ಬೇಕು" ಎಂದ ಚಿಕ್ಕಪ್ಪ. ಅವನು ತಿಂಗಳುಗಟ್ಟಲೆ ಕೂತು ಅದನ್ನು ಕತ್ತರಿಸಿ ಜೋಡಿಸಿದ. ಕೊನೆಗೆ ಅವಳು, ಮುಂದಿನ ತಟ್ಟೆಯ ಒಂದು ಬದಿ ಪೂರ್ತಿ ಇದೇ, ಎಂದಳು.

ಆದರೆ ಒಂದು ತೊಡಕಿತ್ತು. ಫೋನಿನಲ್ಲಿ ಹಿಡಿದದ್ದು ಮಸುಕು; ದೊಡ್ಡ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಕಿದರೆ ಕೆಸರಿನ ಹಾಗೆ ಕೇಳುತ್ತಿತ್ತು. ಅದೂ ಅಲ್ಲದೆ ನಡುವೆ ಒಂದು ಕಡೆ ಚಿಕ್ಕಮ್ಮನ ದನಿ: "ರೀ, ಹಾಲು ತಂದ್ರಾ?" ಒಳ್ಳೆಯ ಮೈಕಿನಲ್ಲಿ ಹೊಸದಾಗಿ ಹಿಡಿಯಬೇಕು. ತಟ್ಟೆಗೆ ಸದ್ದಿನ ಗೆರೆ ಕೊರೆಯುವ ಮನುಷ್ಯ ತನ್ನ ಯಂತ್ರ ಹೊತ್ತು ಊರೂರು ತಿರುಗುವವನು, ನಮ್ಮ ಕಡೆಗೆ ಬರುವುದು ಅಪರೂಪ. ಈ ಸಲ ಶನಿವಾರ ಬರುವವನಿದ್ದ. ಅಷ್ಟರೊಳಗೆ ಕೈಗೆ ಬರದಿದ್ದರೆ ಆ ಬದಿ ಬೇರೆಯವರದು.

"ಚಿಕ್ಕಮ್ಮನಿಗೆ ಹೇಳು ಚಿಕ್ಕಪ್ಪ, ಏನಂತಾಳೆ ಮಹಾ?" ಎಂದೆ.

"ಬೇಡ. ಒಂದ್ಸಲ ಇಂಥ ಸಂಗೀತ ಫೋನಲ್ಲಿ ಕೇಳ್ಸಿದ್ದೆ, ಯಾರೋ ಗೋಡೆಗೆ ಮೊಳೆ ಹೊಡೀತಿದಾರಾ ಅಂದ್ಲು. ತಟ್ಟೆ ಬರ್ಲಿ. ಕೈಯಲ್ಲಿ ಕೊಟ್ಟು, ನೋಡು, ನಿನ್ನ ಫ್ರಿಜ್ಜು ಅಂತೀನಿ. ಆಮೇಲೆ ಬೈದ್ರೆ ಬೈಲಿ."

ಇಷ್ಟು ವರ್ಷದ ಅವನ ಕೆಲಸದಲ್ಲಿ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಯಾವುದೂ ಇರಲಿಲ್ಲ. ಲಿಫ್ಟು ಚೆನ್ನಾಗಿ ಓಡುತ್ತಿದ್ದರೆ ಅಲ್ಲಿ ತೋರಿಸಲು ಏನಿದೆ? ಇದೊಂದನ್ನು ಅವನಿಗೆ ತೋರಿಸಬೇಕಿತ್ತು.

ಗುರುವಾರ ಸಂಜೆ ಊಟದ ಚೀಲದಲ್ಲಿ ಕಪ್ಪಂಗಿಯ ಮೈಕ್ ಅಡಗಿಸಿಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಹಾಗೇ ನಿಂತ. ನಾನು ಮೇಜಿನ ಮುಂದೆ ಓದುತ್ತ ಕೂತಿದ್ದೆ. ಏನೋ ಬದಲಾಗಿದೆ ಎಂದು ಆಗಲೇ ಅನಿಸಿತ್ತು, ಏನೆಂದು ಹೊಳೆದಿರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಆ ಮನೆಯ ನಲ್ಲಿ ತೊಟ್ಟಿಕ್ಕುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಚಿಕ್ಕಮ್ಮ ಒಳಗಿಂದ ಬಂದಳು, ಮುಖ ಅರಳಿಸಿಕೊಂಡು.

"ಏನಾದ್ರೂ ಕೇಳ್ಸುತ್ತಾ?"

"ಇಲ್ಲ" ಎಂದ ಚಿಕ್ಕಪ್ಪ.

"ಕೇಳ್ಸಲ್ಲ! ಈಗ ಓಡ್ತಾನೇ ಇದೆ, ಕೈಯಿಟ್ಟು ನೋಡಿ. ಫ್ರಿಜ್ ರಿಪೇರಿಯವರು ಎರಡು ಪ್ಯಾಂಟ್ ಗಿಡ್ಡ ಮಾಡ್ಸೋಕೆ ಬಂದಿದ್ರು. ಕಾಸು ಬೇಡ, ನಮ್ಮನೆ ಫ್ರಿಜ್ಜು ನೋಡಿ ಅಂದೆ. ಬಂದು ನಾಲ್ಕೂ ಕಾಲಿಗೆ ಹೊಸ ರಬ್ಬರ್ ಹಾಕಿ, ಮೋಟರ್ ಬಿಗಿ ಮಾಡಿ, ಗೋಡೆಯಿಂದ ಈಚೆಗೆ ಎಳೆದು ಹೋದ್ರು. ಒಂದು ಲೋಟ ಕಾಫಿ ಆರೋದ್ರೊಳಗೆ! ನಿಮಗೆ ಒಂದು ವರ್ಷ ಸಾಲಲಿಲ್ಲ."

ಚಿಕ್ಕಪ್ಪ ಫ್ರಿಜ್ಜಿನ ಮೈಮೇಲೆ ಕೈಯಿಟ್ಟ. ಕಾಯಿಲೆಯವರ ಹಣೆ ಮುಟ್ಟಿ ನೋಡುವ ಹಾಗೆ ಇಟ್ಟುಕೊಂಡೇ ನಿಂತ.

"ಯಾಕ್ರೀ, ಮುಖ ಯಾಕೆ ಹಾಗ್ ಮಾಡ್ಕೊಂಡ್ರಿ? ಬೇರೆಯವರು ಮಾಡಿದ್ರು ಅಂತ ಅವಮಾನವಾ?"

"ಹಾಗೇನಿಲ್ಲ. ಚೆನ್ನಾಗ್ ಮಾಡಿದಾರೆ" ಎಂದು ಊಟದ ಚೀಲವನ್ನು ಎದೆಗವಚಿಕೊಂಡು ಕೋಣೆಗೆ ಹೋದ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ನೋಡ್ದ್ಯಾ, ಗಂಡಸರಿಗೆ ಒಳ್ಳೇದು ಮಾಡ್ಬಾರ್ದು" ಎಂದಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ.

ಮರುದಿನ ಚಿಕ್ಕಮ್ಮ ಅಂಗಡಿಗೆ ಹೋದ ತಕ್ಷಣ ಚಿಕ್ಕಪ್ಪ ರಜೆ ಹಾಕಿ, ಅಂಗಿ ಕಳಚಿ, ಫ್ರಿಜ್ಜಿನ ಹಿಂದೆ ಅಂಗಾತ ಮಲಗಿದ. ಮೋಟರಿನ ಬೋಲ್ಟು ಸಡಿಲಿಸಿದ. ಹೊಸ ರಬ್ಬರ್ ಕಿತ್ತು ಮತ್ತೆ ರಟ್ಟು ಕೊಟ್ಟ. ಗೋಡೆಗೆ ದೂಡಿದ. ಗುಡುಗುಡು ಬಂತು, ನಡುಕ ಬಂತು, ಧಡ್ ಧಡ್ ಕೂಡ ಹೆಚ್ಚುಕಡಿಮೆ ಬಂತು. ಆದರೆ ಆ ಚಿರ್ ಚಿರ್ ಬರಲಿಲ್ಲ. ಅದಿಲ್ಲದೆ ಉಳಿದದ್ದು ಬರೀ ಕೆಟ್ಟ ಫ್ರಿಜ್ಜು. ಸ್ಕ್ರೂಡ್ರೈವರನ್ನು ಮೋಟರಿಗೆ ಊರಿ, ಕಣ್ಣು ಮುಚ್ಚಿ, ಕಿವಿಯ ಹಿಂದಕ್ಕೆ ಒತ್ತಿ, ಇನ್ನೊಂದು ಬೋಲ್ಟು ಸಡಿಲಿಸಿದ. ಮತ್ತೆ ಕೇಳಿದ. ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಬಂದ ಚಿಕ್ಕಮ್ಮನಿಗೆ ಮೊದಲು ಕಂಡದ್ದು ಫ್ರಿಜ್ಜಿನ ಹಿಂದಿಂದ ಚಾಚಿದ ಎರಡು ಕಾಲು.

"ಅಯ್ಯಯ್ಯೋ, ಏನ್ರೀ ಇದು! ಸರಿ ಇರೋದನ್ನ ಯಾಕ್ರೀ ಬಿಚ್ತಿದೀರ?"

ಕಾಲುಗಳು ಅಲುಗಾಡಲಿಲ್ಲ.

"ಸರಿ ಇಲ್ಲ ಕಣೇ."

"ಏನ್ ಸರಿ ಇಲ್ಲ?"

"ಸದ್ದು ಬರ್ತಿಲ್ಲ."

ಚಿಕ್ಕಮ್ಮ ಕುರ್ಚಿ ಎಳೆದು ಕೂತಳು. ಚಿಕ್ಕಪ್ಪ ತೆವಳಿಕೊಂಡು ಈಚೆ ಬಂದು, ನೆಲದ ಮೇಲೇ ಕೂತು, ಎಲ್ಲ ಹೇಳಿದ. ನೆಲಮಾಳಿಗೆ, ಕಪ್ಪಂಗಿ, ನಂಬರಿನ ತಟ್ಟೆ, ನಾಳೆ ಬರುವ ಕೊರೆಯುವವನು. ಹೇಳುವಾಗ ಅವಳ ಮುಖ ನೋಡದೆ ಸ್ಪಾನರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅವಳು ಕೇಳಿಸಿ ಎಂಬಂತೆ ಕೈ ಚಾಚಿದಳು. ಅವನು ಹೆಡ್‌ಫೋನ್ ಕೊಟ್ಟ.

ಚಿಕ್ಕಮ್ಮ ಕೇಳುತ್ತ ಕೂತಳು. ಅಳತೆ ತೆಗೆಯುವಾಗಿನ ಮುಖ ಅದು, ಹುಬ್ಬು ಗಂಟಿಕ್ಕಿ, ತುಟಿ ಬಿಗಿದು. ನಾನೂ ಚಿಕ್ಕಪ್ಪನೂ ಆ ಮುಖವನ್ನೇ ನೋಡುತ್ತಿದ್ದೆವು. ಒಮ್ಮೆಲೇ ಅವಳು ಎದೆಗೆ ಕೈಯಿಟ್ಟುಕೊಂಡು, ಕಿವಿ ಮುಚ್ಚಿದ್ದರಿಂದ ಇಡೀ ಕಟ್ಟಡಕ್ಕೆ ಕೇಳುವಂತೆ, "ಅಯ್ಯೋ, ಇದು ನಾನು! ಹಾಲು ತಂದ್ರಾ ಅಂತಿದೀನಿ!" ಎಂದು ಕಿರುಚಿದಳು. ಆಮೇಲೆ ನಗು ಶುರುವಾಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಣ್ಣೊರೆಸಿಕೊಳ್ಳುತ್ತ, "ಒಂದು ವರ್ಷ ನನ್ ಕೈಲಿ ಬೈಸ್ಕೊಂಡ್ರಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು.

"ಹೇಳಿದ್ರೆ ನಗ್ತಿದ್ದೆ."

"ಈಗ ಮಾಡ್ತಿರೋದೇನು?"

"ಈಗ ಕೇಳಿ ನಗ್ತಿದೀಯ. ಅದು ಬೇರೆ."

ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಮತ್ತೊಮ್ಮೆ ಮೊದಲಿಂದ ಹಾಕಿಸಿಕೊಂಡಳು. ಆಮೇಲೆ ಅದನ್ನು ಕತ್ತಿಗೆ ಇಳಿಸಿಕೊಂಡು, ಅವನು ಈಗ ಕೆಡಿಸಿದ್ದ ಫ್ರಿಜ್ಜಿನ ಸದ್ದಿಗೆ ಕಿವಿಗೊಟ್ಟಳು.

"ಇದಲ್ಲ ಅದು."

"ಗೊತ್ತು. ಇನ್ನೊಂದು ಬೋಲ್ಟ್ ಸಡಿಲ ಮಾಡಿದ್ರೆ..."

"ಬೋಲ್ಟ್ ಅಲ್ಲ ರೀ. ಚಿರ್ ಚಿರ್ ಅನ್ನೋದು ನನ್ನ ಗುಂಡಿ ಡಬ್ಬ."

ಚಿಕ್ಕಪ್ಪ ಫ್ರಿಜ್ಜಿನ ನೆತ್ತಿಯನ್ನು ನೋಡಿದ. ಅಲ್ಲಿ ಈಗ ಏನೂ ಇರಲಿಲ್ಲ. ರಿಪೇರಿಯವರು ಡಬ್ಬಗಳನ್ನು ಕೆಳಗಿಳಿಸಿದ್ದರು. ಇಳಿಸಿದ್ದೇ ನೆಪವಾಗಿ ಚಿಕ್ಕಮ್ಮ ಸಕ್ಕರೆ, ಕಾಫಿ ಪುಡಿಯ ಡಬ್ಬಗಳನ್ನು ಕಪಾಟಿಗೆ ಸೇರಿಸಿ, ಅಂಗಡಿಯಲ್ಲಿ ಜಾಗವಿಲ್ಲವೆಂದು ಮನೆಗೆ ತಂದಿಟ್ಟಿದ್ದ ಗುಂಡಿಗಳ ತಗಡಿನ ಡಬ್ಬವನ್ನು ವಾಪಸು ಒಯ್ದಿದ್ದಳು. ಅವನ ಸ್ಕ್ರೂಡ್ರೈವರ್ ಇಡೀ ವರ್ಷ ಮೋಟರಿನ ಮಾತನ್ನಷ್ಟೇ ಕೇಳಿತ್ತು. ಡಬ್ಬ ಅದರ ತುದಿಗೆ ಯಾವತ್ತೂ ಸಿಕ್ಕಿರಲಿಲ್ಲ.

"ಗುಂಡಿಯಾ?" ಎಂದ.

"ಗುಂಡಿ. ನೀವು ತಲೆ ಎತ್ತಿ ನೋಡಿದ್ದು ಯಾವಾಗ? ಬೇರೆಯವರ ಮನೇಲಿ ಫ್ಯಾನ್ ನೋಡ್ತೀರ, ನಮ್ಮನೇಲಿ ಫ್ರಿಜ್ಜಿನ ಬೆನ್ನಿಗೇ ಅಂಟ್ಕೊಂಡಿರ್ತೀರ."

ಊಟ ಮರೆತು, ಡಬ್ಬ ತರಲು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟಳು. ಬಾಗಿಲಲ್ಲಿ ತಿರುಗಿ, "ಆ ಕಪ್ಪಂಗಿಯೋಳಿಗೆ ಫೋನ್ ಮಾಡಿ. ನಿಮ್ ಕೈಲಿ ಮೈಕ್ ಕೊಟ್ರೆ ಅದನ್ನೂ ಬಿಚ್ಚಿ ನೋಡ್ತೀರ" ಎಂದಳು.

ಕಪ್ಪಂಗಿ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದಳು. "ಲಿಫ್ಟಣ್ಣ, ನಿಮ್ ಮನೆಗೇ ಲಿಫ್ಟ್ ಇಲ್ವಾ?" ಎಂಬುದು ಅವಳ ಮೊದಲ ಮಾತು. ಚಿಕ್ಕಮ್ಮ ಮೇಜಿನ ಮೇಲೆ ಗುಂಡಿಗಳನ್ನು ಸುರಿದುಕೊಂಡು ಆರಿಸುತ್ತಿದ್ದಳು. ಅಂಗಡಿಗೆ ಹೋದ ಮೇಲೆ ಡಬ್ಬಕ್ಕೆ ಬೇರೆ ಗುಂಡಿಗಳೂ ಬಿದ್ದಿದ್ದವು. ಕೋಟಿನ ದಪ್ಪ ಗುಂಡಿ ಬೇಡ, ಅದು ಭಾರ, ಸದ್ದು ಮಂಕಾಗುತ್ತದೆ. ಶರ್ಟಿನ ಸಣ್ಣವು ಇರಲಿ. ಯಾವುದೋ ಹಳೆಯ ಯೂನಿಫಾರ್ಮಿನ ಒಂದು ಹಿತ್ತಾಳೆ ಗುಂಡಿ ಬೇಕೇ ಬೇಕು. ಮುಚ್ಚಳ ಪೂರ್ತಿ ಮುಚ್ಚಬಾರದು, ಒಂದು ಕಡೆ ಸೊಟ್ಟಗಿರಬೇಕು, ಯಾಕೆಂದರೆ ಅದು ಮೊದಲಿಂದ ಸೊಟ್ಟವೇ. ಅವಳು ಡಬ್ಬವನ್ನು ಮೇಲಿಟ್ಟಳು, ಎರಡು ಬೆರಳಷ್ಟು ಎಡಕ್ಕೆ ಸರಿಸಿದಳು, ಹಿಂದಕ್ಕೆ ನಿಂತು ನೋಡಿದಳು.

"ಅಕ್ಕ, ನಾನೊಂದ್ಸಲ ಅಲ್ಲಾಡ್ಸಿ ನೋಡ್ಲಾ?" ಎಂದಳು ಕಪ್ಪಂಗಿ.

"ಮುಟ್ಬೇಡ ಮಾರಾಯ್ತಿ. ಸರಿಯಾಗಿ ಕೂತಿದೆ."

ಮೋಟರ್ ತಾನಾಗಿ ಶುರುವಾಗುವವರೆಗೆ ಕಾಯಬೇಕಿತ್ತು, ಶುರುವಾದರೂ ಬೇಗ ನಿಂತುಬಿಟ್ಟರೆ ಸಾಲದು. ಚಿಕ್ಕಮ್ಮ ಒಂದು ಪಾತ್ರೆ ನೀರು ಕುದಿಸಿ ಹಾಗೇ ಫ್ರಿಜ್ಜಿನೊಳಗೆ ಇಟ್ಟು ಬಾಗಿಲು ಹಾಕಿದಳು. "ಈಗ ಓಡ್ಲಿ, ಎಷ್ಟೊತ್ತು ಓಡುತ್ತೋ ನೋಡೋಣ" ಎಂದಳು. ನಲ್ಲಿಗೆ ಬಟ್ಟೆ ಸುತ್ತಿದ್ದಾಯಿತು. ಮೋಟರ್ ನಿಲ್ಲುವವರೆಗೆ ಯಾರೂ ಉಸಿರೆತ್ತಬಾರದು ಎಂದು ಕಪ್ಪಂಗಿ ಹೇಳುವಾಗ ಎಲ್ಲರೂ ಚಿಕ್ಕಮ್ಮನ ಕಡೆ ನೋಡಿದರು.

"ನನ್ನ ಯಾಕೆ ನೋಡ್ತೀರ? ನಾನೇನು ಯಾವಾಗ್ಲೂ ಮಾತಾಡ್ತೀನಾ?"

ಫ್ರಿಜ್ಜು ಗುಡುಗಿತು, ನಡುಗಿತು, ಧಡ್ ಎಂದಿತು. ಅದರ ಬೆನ್ನಿಗೇ ಚಿರ್. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. ಎಲ್ಲ ಸರಿಯಾಗಿ ಸಾಗುತ್ತಿರುವಾಗ ಹೊರಗಿನ ಬಾಗಿಲು ತಟ್ಟಿ ಕೆಳಮನೆಯಾಕೆ, "ಏನ್ರೀ, ನಿಮ್ ಫ್ರಿಜ್ಜು ಮತ್ತೆ ಕೆಟ್ಟೋಯ್ತಾ? ಅಯ್ಯೋ ಪಾಪ!" ಎಂದರು. ಮೊದಲ ಸಲದ್ದು ಹೋಯಿತು. ಚಿಕ್ಕಮ್ಮ ಆಕೆಯನ್ನು ಒಳಗೆ ಕರೆದು, ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿ, ನಮ್ಮ ಪಕ್ಕ ಕೂರಿಸಿದಳು. ಇನ್ನೊಂದು ಪಾತ್ರೆ ನೀರು ಕುದಿಯಿತು.

ಎರಡನೆಯ ಸಲ ಐದು ಜನ ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತೆವು. ಸಂಜೆಯ ಬೆಳಕು ಕಿಟಕಿಯಿಂದ ಬಂದು ಡಬ್ಬದ ಮೇಲೆ ಬಿದ್ದಿತ್ತು. ಮುಚ್ಚಳ ಸಣ್ಣಗೆ ಕುಣಿಯುವುದು ಕಾಣುತ್ತಿತ್ತು. ಚಿಕ್ಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಕಾಲಿನ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು. ಚಿಕ್ಕಪ್ಪ ಕಣ್ಣು ಬಿಟ್ಟು ಅದನ್ನು ನೋಡಿದ. ಆಮೇಲೆ ಅವನು ಫ್ರಿಜ್ಜನ್ನು ನೋಡಲಿಲ್ಲ. ಮೋಟರ್ ಮೈ ಕೊಡವಿ ನಿಂತಿತು. ಕಪ್ಪಂಗಿ ಹೆಬ್ಬೆರಳು ಎತ್ತಿದಳು. ಕೆಳಮನೆಯಾಕೆ ಪಿಸುದನಿಯಲ್ಲಿ, "ಈಗಲಾದ್ರೂ ಹೇಳ್ರೀ, ಯಾರಿಗೇನಾಗಿದೆ?" ಎಂದರು.

ಕಾಫಿ ಕುಡಿಯುವಾಗ ಚಿಕ್ಕಮ್ಮ ಕೇಳಿದಳು. "ಇದರ ಮೇಲೆ ಹೆಸರು ಹೇಗೆ ಹಾಕ್ತೀರ?"

"ಹೆಸರು ಹಾಕಲ್ಲ ಅಕ್ಕ. ನಂಬರ್ ಮಾತ್ರ."

"ಅದೇನು ನ್ಯಾಯ? ಹೊಲಿಯೋಕೆ ಬಂದ ಹಳೇ ಚಡ್ಡಿಗೂ ಹೆಸರಿನ ಚೀಟಿ ಹಚ್ತೀನಿ ನಾನು. ಇವರ ಹೆಸರು ಹ್ಯಾಗೂ ಲಿಫ್ಟಲ್ಲಿ ಹೋಗೋರಿಗೆ ಯಾರಿಗೂ ಗೊತ್ತಿಲ್ಲ. ಇಲ್ಲೂ ಇಲ್ಲ ಅಂದ್ರೆ?"

"ಬಿಡೇ, ಅವರ ಪದ್ಧತಿ" ಎಂದ ಚಿಕ್ಕಪ್ಪ.

ಕಪ್ಪಂಗಿ ಯೋಚಿಸಿ, "ಒಂದು ಜಾಗ ಇದೆ" ಎಂದಳು. ತಟ್ಟೆಯಲ್ಲಿ ಸದ್ದಿನ ಗೆರೆ ಮುಗಿದು ನಡುವಿನ ಕಾಗದ ಶುರುವಾಗುವ ಮೊದಲು ಒಂದು ಬೆರಳಗಲ ಖಾಲಿ ಬಳೆಯಿರುತ್ತದೆ. ಕೊರೆಯುವವನು ಅಲ್ಲಿ ಸೂಜಿಯಿಂದ ಕೈಯಾರೆ ಒಂದೆರಡು ಮಾತು ಗೀಚುತ್ತಾನೆ. ಹೆಸರಲ್ಲ, ಬೇರೇನಾದರೂ. ಬೆಳಕಿಗೆ ಓರೆ ಹಿಡಿದವರಿಗಷ್ಟೇ ಕಾಣುತ್ತದೆ. "ಏನ್ ಬರೆಸ್ಲಿ, ಲಿಫ್ಟಣ್ಣ?"

ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿದ. "ಅವಳನ್ನ ಕೇಳಿ. ಡಬ್ಬ ಅವಳದು."

ಚಿಕ್ಕಮ್ಮ ಒಂದು ಕ್ಷಣವೂ ತಡೆಯದೆ ಹೇಳಿದಳು. ಕಪ್ಪಂಗಿ ನಕ್ಕು ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡಳು.

ಶನಿವಾರ ಗೆರೆ ಕೊರೆದದ್ದಾಯಿತು. ತಟ್ಟೆಗಳು ಅಚ್ಚಾಗಿ ಬರಲು ವಾರಗಳೇ ಹಿಡಿದವು. ಬಂದ ಭಾನುವಾರ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಹೊಸ ತಟ್ಟೆ ಕೇಳಿಸುವ ಕೂಟ. ಚಿಕ್ಕಮ್ಮ ಅಂಗಡಿ ಮುಚ್ಚಿ, ತನ್ನ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದಳು. ದೊಡ್ಡ ಪೆಟ್ಟಿಗೆಗಳಿಂದ ನಮ್ಮ ಫ್ರಿಜ್ಜು ಹೊರಬಂದಾಗ ನನ್ನ ಪಕ್ಕೆಲುಬು ಅದುರಿತು. ಜನ ಕಣ್ಣು ಮುಚ್ಚಿ ತಲೆ ಆಡಿಸಿದರು. ಚಿರ್ ಚಿರ್ ಬಂದಲ್ಲಿ ಯಾರೋ "ಹೋ!" ಎಂದು ಕೂಗಿದರು. ಕನ್ನಡಕದ ಒಬ್ಬ ಹುಡುಗ, ಅದು ಯಾವ ಮಿಷನ್ ಇರಬಹುದು ಎಂದು ಸ್ನೇಹಿತನ ಜೊತೆ ವಾದಿಸುತ್ತಿದ್ದ. ಚಿಕ್ಕಮ್ಮ ಅವನ ಕಡೆ ಬಾಗಿ, "ಅದು ಹಳೇದಪ್ಪ. ಈಗ ಅಂಥದ್ದು ಬರಲ್ಲ" ಎಂದಳು. ಚಿಕ್ಕಪ್ಪ ಮೊಣಕೈಯಿಂದ ತಿವಿದ. ಅವನು ಅವಳನ್ನು ತಿವಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಅವನು ಬಿಳಿ ರಟ್ಟಿನ ಹೊದಿಕೆಯನ್ನು ಅವಳ ಕೈಯಲ್ಲಿಟ್ಟ. ಹೇಳಬೇಕೆಂದು ಒಂದು ವರ್ಷದಿಂದ ಇಟ್ಟುಕೊಂಡಿದ್ದ ಮಾತು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅವಳೇ ಹೇಳಿದಳು: "ಗೊತ್ತು, ನನ್ನ ಫ್ರಿಜ್ಜು."

ಒಂದು ವಾರದ ಮೇಲೆ ಫ್ರಿಜ್ ರಿಪೇರಿಯವರು ಬಂದರು, ಇನ್ನೊಂದು ಪ್ಯಾಂಟ್ ಹಿಡಿದುಕೊಂಡು. ಅಂಗಡಿ ಮುಚ್ಚಿತ್ತೆಂದು ಮನೆಗೇ ಹತ್ತಿದ್ದರು. ಬಾಗಿಲಲ್ಲಿ ನಿಂತಿರುವಾಗಲೇ ಅಡುಗೆಮನೆಯಲ್ಲಿ ಗುಡುಗುಡು ಶುರುವಾಯಿತು. ಅವರ ಮುಖ ಸಣ್ಣದಾಯಿತು.

"ಇದೇನಮ್ಮಾ, ನಾನು ಅಷ್ಟು ಬಿಗಿ ಮಾಡಿ ಹೋಗಿದ್ದೆ! ನನ್ನ ಹೆಸರು ಹಾಳಾಗುತ್ತೆ. ಈಗ್ಲೇ ಸರಿ ಮಾಡ್ಕೊಡ್ತೀನಿ, ತಾಳಿ."

"ಬೇಡ!" ಎಂದರು ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ, ಒಂದೇ ಉಸಿರಿಗೆ.

ಅವರು ಬ್ಯಾಗಿನ ಜಿಪ್ಪು ಅರ್ಧ ತೆರೆದು ಹಾಗೇ ನಿಂತರು. ಚಿಕ್ಕಮ್ಮ ಅವರನ್ನು ಕೂರಿಸಿ, ಒಳಗಿಂದ ತಟ್ಟೆ ತಂದು, ಅಂಚು ಹಿಡಿದು ಎಚ್ಚರದಿಂದ ಅವರ ಕೈಗೆ ಕೊಟ್ಟಳು. ಕಿಟಕಿಯ ಬೆಳಕಿಗೆ ಓರೆ ಮಾಡಿಸಿ, ನಡುವಿನ ಬಳೆಯ ಕಡೆ ಬೆರಳು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ, ಗೀಚಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದರು: "ರಿಪೇರಿ ಮಾಡಬೇಡಿ."

"ಇದು ನಂಗೇ ಹೇಳಿದ್ದಾ?"

"ನಿಮಗೇ" ಎಂದಳು ಚಿಕ್ಕಮ್ಮ. "ಪ್ಯಾಂಟ್ ಕೊಡಿ ಇಲ್ಲಿ. ಎಷ್ಟು ಗಿಡ್ಡ ಮಾಡ್ಬೇಕು?"